ತಾಮ್ರದ ಮೇಲಿನ ಹೆಬ್ಬೆರಳು

ಬರೀ ನೀರಿನಲ್ಲಿ ಅಮೈನೋ ಆಮ್ಲ ಸಿಕ್ಕಿತು. ಶಿವಮೊಗ್ಗದ ಲ್ಯಾಬಿಗೆ ಸೇರಿದ ಹೊಸತರಲ್ಲೇ ನನಗೆ ಈ ಭಾಗ್ಯ. ಏನೂ ಬೆರೆಸದ ನೀರಿಗೆ ತಾಮ್ರದ ತಂತಿ ಅದ್ದಿದರೂ ಕಂಪ್ಯೂಟರಿನಲ್ಲಿ ಗೆರೆ ಮೇಲೆದ್ದು ನನ್ನನ್ನು ಅಣಕಿಸುತ್ತಿತ್ತು.

ಕೆಲಸ ಇಷ್ಟೇ: ತಂತಿ ಉಜ್ಜಿ ತೊಳೆದು, ಸೋಪಿನ ಗುಣದ ದ್ರವವೊಂದನ್ನು ತೆಳ್ಳಗೆ ಸವರಿ, ಕರೆಂಟು ಹರಿಸುವುದು. ಆ ಪದರ ಅಮೈನೋ ಆಮ್ಲವನ್ನು ತಂತಿಯ ಹತ್ತಿರ ಎಳೆದಾಗ ಮಾತ್ರ ಗೆರೆ ಏಳಬೇಕು. "ಸೋಮವಾರದೊಳಗೆ ಇದು ಸರಿಹೋಗದಿದ್ರೆ ಪ್ರಾಜೆಕ್ಟ್ ಬೇರೆಯವರಿಗೆ ಕೊಡ್ತೀನಮ್ಮ" ಎಂದರು ಗೈಡ್. ಅಂದರೆ ನಾನು ಗಂಟುಮೂಟೆ ಕಟ್ಟಿ ವಿಜಯಪುರದ ಬಸ್ಸು ಹತ್ತಬೇಕು. "ನಾ ಹೇಳಿದ್ದಿಲ್ಲೇನು?" ಅನ್ನಲು ಅಲ್ಲಿ ಮನೆತುಂಬ ಜನ ಕಾದಿದ್ದರು.

ಸಿಟ್ಟಿಗೆ ಇಲ್ಲಿನದನ್ನೆಲ್ಲ ಬೈದೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನನ್ನ ಬಾಡಿಗೆ ಮನೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ನಮ್ಮ ಕಡೆ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಒಣಗಿರುತ್ತವೆ. ಪಕ್ಕದ ಮನೆಯ ತಮಿಳಮ್ಮ ದಿನಾ "ಸಾಪ್ಟಿಯಾ?" ಎನ್ನುತ್ತಾರೆ, ಊಟ ಆಯಿತೇ ಅಂತ. ಆಗಿರುತ್ತದೆ, ಮತ್ತದೇ ಅನ್ನ. ರೊಟ್ಟಿ ಬಡಿದ ದಿನ ಮಾತ್ರ ಗೋಡೆಯಾಚೆಯಿಂದ ಏನದು ಸದ್ದು ಎಂದು ಕೇಳುತ್ತಾರೆ.

ಪಕ್ಕದ ಟೇಬಲ್ಲಿನ ಸಂಶೋಧಕಿ, ಆಲ್ಕೊಳದ ಶಬಾನಾ, ಶುಕ್ರವಾರ ನನ್ನ ಬೆನ್ನ ಹಿಂದೆ ನಿಂತು ನೋಡಿದಳು.

"ತಡಿ ಮಾರಾಯ್ತಿ! ತೊಳೆದ ಮೇಲೆ ಏನ್ ಮಾಡ್ದೆ?"

ತಂತಿಯ ಮೇಲೆ ಹೆಬ್ಬೆರಳು ಎಳೆದಿದ್ದೆ. ನಮ್ಮ ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ಬೆಳಗಿದ ಮೇಲೆ ಹಾಗೆ ನೋಡುತ್ತಾರೆ. ಕಿರ್ ಎಂದರೆ ಸ್ವಚ್ಛ. ಅವ್ವ ಕಲಿಸಿದ್ದು, ಕೈ ತಾನಾಗಿ ಮಾಡುತ್ತಿತ್ತು.

"ಬೆವರಲ್ಲೇ ಅಮೈನೋ ಆಮ್ಲ ಇರುತ್ತಲ್ಲೇ! ಇಷ್ಟು ದಿನ ನೀನು ನಿನ್ನನ್ನೇ ಅಳೀತಾ ಇದ್ದೀಯ!"

ಅವಳು ಹೊಟ್ಟೆ ಹಿಡಿದು ನಕ್ಕಳು. ನನಗೆ ಅಳು ಬಂತು. ಗ್ಲೌಸ್ ಹಾಕಿ ಮತ್ತೆ ಉಜ್ಜಿದೆ, ಅದ್ದಿದೆ. ಗೆರೆ ಸಪಾಟಾಗಿ ಮಲಗಿತು. ಸೋಮವಾರ ಗೈಡ್ ಅದನ್ನು ನೋಡಿ "ಮುಂದುವರಿಸಿ" ಎಂದಷ್ಟೇ ಹೇಳಿದರು. ಅಂದು ನಾನು ತಮಿಳಮ್ಮನ ಮನೆಯಲ್ಲೇ ಅನ್ನ ಉಂಡೆ, ಎರಡು ಸಲ ಬಡಿಸಿಕೊಂಡು.

ಲ್ಯಾಬಿನಲ್ಲಿ ನಾನು ಇಂದಿಗೂ "ಆ ಕಡೆಯವಳು". ಇರಲಿ ಎಂದುಕೊಂಡು ದೀಪಾವಳಿಗೆ ಊರಿಗೆ ಹೋದೆ. ಅವ್ವ ತಂಬಿಗೆ ಬೆಳಗಿ ನನ್ನ ಮುಂದೆ ಹಿಡಿದಳು. "ನೋಡವಾ, ಸ್ವಚ್ಛ ಆಗೇತೇನು?"

ನನ್ನ ಹೆಬ್ಬೆರಳು ಅರ್ಧದಲ್ಲೇ ನಿಂತಿತು. ದುಪಟ್ಟಾದ ತುದಿಯಿಂದ ತಂಬಿಗೆ ಹಿಡಿದುಕೊಂಡೆ.

"ಯಾಕ, ನಮ್ಮ ತಂಬಿಗಿ ಮುಟ್ಟಾಕೂ ಹೇಸ್ತಿಯೇನು ಈಗ?"

ಅವ್ವ ತಂಬಿಗೆ ಕಸಿದುಕೊಂಡು ತಾನೇ ಹೆಬ್ಬೆರಳು ಎಳೆದಳು. ಕಿರ್ ಎಂದಿತು.