ಅಕ್ಕನ ಒತ್ತಕ್ಷರ

ಸತ್ತವರು ಕಾಗೆಯಾಗಿ ಬರುತ್ತಾರೆ, ಕನಸಿನಲ್ಲಿ ಬಂದು ಮಾತಾಡುತ್ತಾರೆ ಎಂಬುದನ್ನೆಲ್ಲ ನಾನು ನಂಬಿದವನಲ್ಲ. ಅಪ್ಪನ ತಿಥಿಯ ದಿನ ಕಾಗೆ ಪಿಂಡ ಮುಟ್ಟಲಿಲ್ಲವೆಂದು ಮನೆಯವರೆಲ್ಲ ಕೈಮುಗಿದು ನಿಂತಿದ್ದಾಗ, ಅದಕ್ಕೆ ಹೊಟ್ಟೆ ತುಂಬಿರಬೇಕು ಎಂದು ಹೇಳಿ ಬೈಸಿಕೊಂಡವನು ನಾನು. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಆ ಕೆಲಸದಲ್ಲಿ ಕಾರಣವಿಲ್ಲದೆ ಏನೂ ಕೆಡುವುದಿಲ್ಲ. ಕಾರಣ ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ. ಈಗ ಹೇಳಹೊರಟ ಸಂಗತಿಯ ಕಾರಣವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿ ಭಾವನ ಜೊತೆ ಶಂಕರಪುರದಲ್ಲಿದ್ದಳು. ನನಗೆ ಅಕ್ಷರ ತಿದ್ದಿಸಿದವಳೂ ಅವಳೇ. ಚಿಕ್ಕಂದಿನಲ್ಲಿ ಒತ್ತಕ್ಷರ ಬರೆಯುವುದೆಂದರೆ ನನಗೆ ಎಲ್ಲಿಲ್ಲದ ಸೋಮಾರಿತನ. ಅಕ್ಕ ಎನ್ನುವುದನ್ನೂ ‘ಅಕಕ’ ಎಂದೇ ಬರೆಯುತ್ತಿದ್ದೆ. ಅವಳು ಹೊಡೆಯುತ್ತಿರಲಿಲ್ಲ. ಇಡೀ ಪುಟದಲ್ಲಿ ಒಂದೇ ಒಂದು ಪದಕ್ಕೆ ಕೆಂಪು ಇಂಕಿನಲ್ಲಿ ಒತ್ತು ಹಾಕಿ ಪುಸ್ತಕವನ್ನು ನನ್ನ ಕಡೆ ತಳ್ಳುತ್ತಿದ್ದಳು.

“ಒಂದು ನಾನು ತಿದ್ದಿದೀನಿ. ಮಿಕ್ಕಿದ್ದು ನೀನು ತಿದ್ದು.”

ಮಿಕ್ಕಿದ್ದು ಮೂವತ್ತೋ ನಲವತ್ತೋ ಇರುತ್ತಿತ್ತು. ಅಳುತ್ತಲೇ ತಿದ್ದುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿದ್ದಾಗಿನ ಮಾತು. ನಮ್ಮಮ್ಮನ ಹಾಡಿನ ಪುಸ್ತಕವೊಂದು ಅಕ್ಕನ ಹತ್ತಿರ ಇತ್ತು. ಹಸೆಯ ಹಾಡು, ಆರತಿ ಹಾಡು, ಗೌರಿಯ ಹಾಡು, ಎಲ್ಲ ಅಮ್ಮನ ಕೈಬರಹದಲ್ಲಿ. ಇಂಕು ಮಾಸಿ ಅರ್ಧಕ್ಕರ್ಧ ಕಾಣದಂತಾಗಿತ್ತು. ಪೂರ್ತಿ ಮಾಸುವುದರೊಳಗೆ ಟೈಪ್ ಮಾಡಿಟ್ಟುಬಿಡುತ್ತೇನೆ ಎಂದು ಅಕ್ಕ ಹೊರಟಳು. ನಾನೇ ಒಂದು ಹಳೆಯ ಲ್ಯಾಪ್‌ಟಾಪ್ ಸರಿಮಾಡಿ, ಕನ್ನಡ ಹಾಕಿ ಕೊಟ್ಟೆ. ಹದಿನೈದು ದಿನದಲ್ಲಿ ಕಲಿತಳು.

ಆಗ ನಾವು ಬಳಸುತ್ತಿದ್ದ ಕನ್ನಡದ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆಲ್ಲ ಇದ್ದದ್ದು ಒಂದೇ ಕೀಲಿ, ಇಂಗ್ಲಿಷಿನ ಎಫ್. ‘ಮ’ ಒತ್ತಿ, ಎಫ್ ಒತ್ತಿ, ಇನ್ನೊಂದು ‘ಮ’ ಒತ್ತಿದರೆ ‘ಮ್ಮ’ ಬರುತ್ತದೆ. ಆ ಕೀಲಿ ಕೆಟ್ಟರೆ ಅಮ್ಮ ‘ಅಮಮ’ ಆಗುತ್ತಾಳೆ. ಹಾಡುಗಳಿಗೆ ಕೈಹಾಕುವ ಹೊತ್ತಿಗೆ ಅಕ್ಕನ ಲ್ಯಾಪ್‌ಟಾಪಿನಲ್ಲಿ ಕೆಟ್ಟದ್ದು ಸರಿಯಾಗಿ ಅದೇ ಕೀಲಿ.

ಫೋನ್ ಮಾಡಿದಳು. ಸದ್ಯಕ್ಕೆ ಹೊರಗಿನ ಕೀಬೋರ್ಡ್ ಒಂದನ್ನು ಸಿಕ್ಕಿಸಿಕೋ ಎಂದೆ. “ಮಂಚದ ಮೇಲೆ ಕೂತು ಮಾಡೋಳು ನಾನು, ಎರಡೆರಡು ಎಲ್ಲಿಟ್ಕೊಳ್ಲಿ?” ಎಂದಳು. ಈ ಭಾನುವಾರ ಬರುತ್ತೇನೆ ಎಂದೆ. ನಮ್ಮ ಮನೆ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದೆ. ಅಲ್ಲಿಂದ ಶಂಕರಪುರವೇನು ಕಾಶಿಯೇ? ಆದರೂ ಒಂದೊಂದು ಭಾನುವಾರ ಒಬ್ಬೊಬ್ಬ ಗಿರಾಕಿ, ಒಂದೊಂದು ನೆಪ.

“ಮನೆಗೆ ಮಾರಿ, ಊರಿಗೆ ಉಪಕಾರಿ ಕಣೋ ನೀನು,” ಎಂದು ನಕ್ಕಳು ಒಮ್ಮೆ. “ಹೋಗ್ಲಿ ಬಿಡು. ಒತ್ತಿಲ್ದೇನೇ ಟೈಪ್ ಮಾಡ್ತಾ ಹೋಗ್ತೀನಿ. ನೀನು ಸರಿ ಮಾಡಿದ ದಿನ ಎಲ್ಲಾ ಒತ್ತೂ ಒಟ್ಟಿಗೆ ಹಾಕ್ಕೋತೀನಿ.”

ಏಳು ಭಾನುವಾರ ಕಳೆದವು. ಎಂಟನೆಯ ವಾರ, ಬುಧವಾರ ಬೆಳಿಗ್ಗೆ, ಹಾಲು ಕಾಯಿಸಲು ಇಟ್ಟವಳು ಅಡಿಗೆಮನೆಯಲ್ಲೇ ಕುಸಿದಳು. ಎದೆನೋವು ಎಂದು ಹೇಳುವಷ್ಟೂ ಹೊತ್ತು ಸಿಗಲಿಲ್ಲವಂತೆ.

ವೈಕುಂಠ ಸಮಾರಾಧನೆಯ ಮರುದಿನ ಮಧ್ಯಾಹ್ನ ನೆಂಟರೆಲ್ಲ ಹೊರಟುಹೋಗಿದ್ದರು. ಭಾವ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. “ಬಂದಿದೀಯಲ್ಲ, ಇದನ್ನೊಂದು ನೋಡಿಬಿಡಪ್ಪ,” ಎಂದರು. ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮೊದಲು ಹೊರಗಿನ ಕೀಬೋರ್ಡ್ ಸಿಕ್ಕಿಸಿ ನೋಡಿದೆ. ಅದರಲ್ಲಿ ಎಫ್ ಬಂತು. ಅಂದರೆ ದೋಷ ತಂತ್ರಾಂಶದ್ದಲ್ಲ, ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡಿನದ್ದು. ಬಿಚ್ಚುವ ಮೊದಲು ಕಡತಗಳ ನಕಲು ತೆಗೆದಿಡುವುದು ನಮ್ಮ ಕಸುಬಿನ ರೂಢಿ. ಅಕ್ಕನ ಕಡತ ತೆರೆದು ನೋಡಿದೆ. ನಲವತ್ತು ಪುಟ. ಒಂದೇ ಒಂದು ಒತ್ತಿಲ್ಲ. ಲಕ್ಷ್ಮಿಯ ಹೆಸರೂ ಮುರಿದು ಬಿದ್ದಿತ್ತು. ಒಂದು ಒತ್ತು ಬಿಟ್ಟರೆ ಪದ ಕುಂಟುತ್ತದೆ ಎನ್ನುತ್ತಿದ್ದವಳು, ಇಷ್ಟು ಪುಟಗಳನ್ನು ಯಾವ ಮನಸ್ಸಿನಿಂದ ಟೈಪ್ ಮಾಡಿದಳೋ. ಹಾಡುಗಳು ಮುಗಿದ ಮೇಲೆ, ಕೊನೆಯಲ್ಲಿ, ತನಗೆ ತಾನೇ ಬರೆದುಕೊಂಡಂತೆ ಒಂದು ಸಾಲಿತ್ತು:

‘ಕೀಲಿ ಇನನೂ ಸರಿಯಾಗಿಲಲ. ತಮಮ ಬರುತತಾನೆ.’

ಅದನ್ನು ಭಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ನಾನು ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಲ್ಯಾಪ್‌ಟಾಪ್ ಆಫ್ ಮಾಡಿ, ಬ್ಯಾಟರಿ ತೆಗೆದು, ತಿರುಪು ಬಿಚ್ಚಿ, ಕೀಬೋರ್ಡನ್ನು ಎತ್ತಿ ಹಾಸಿದ ಪೇಪರಿನ ಮೇಲಿಟ್ಟೆ. ಎಫ್ ಕೀಲಿಯ ಕೆಳಗೆ ಕಾಫಿ ಸುರಿದು ಒಣಗಿದ ಕಲೆ. ವಿದ್ಯುತ್ತು ಹರಿಯುವ ಒಳಗಿನ ಗೆರೆ ಅಷ್ಟಗಲ ತಿಂದುಹೋಗಿತ್ತು. ಹೊಸ ಕೀಬೋರ್ಡ್ ಹಾಕಿದರೆ ಅರ್ಧ ಗಂಟೆಯ ಕೆಲಸ. ಅಷ್ಟೇ ಅರ್ಧ ಗಂಟೆ.

ಬೇರೇನಾದರೂ ಕೆಟ್ಟಿದೆಯೇ ನೋಡೋಣವೆಂದು ಬ್ಯಾಟರಿ ಹಾಕಿ ಮತ್ತೆ ಶುರು ಮಾಡಿದೆ. ಆಗ ಅದಕ್ಕೆ ಯಾವ ಕೀಬೋರ್ಡೂ ಇರಲಿಲ್ಲ. ಒಂದು ಪೇಪರಿನ ಮೇಲಿತ್ತು, ಇನ್ನೊಂದನ್ನು ಸುತ್ತಿ ಚೀಲಕ್ಕೆ ಹಾಕಿದ್ದೆ. ಮೌಸಿನಿಂದಲೇ ಕಡತ ತೆರೆದು ಕೊನೆಯ ಪುಟಕ್ಕೆ ಬಂದೆ. ಆ ಸಾಲು ಹೀಗಿತ್ತು:

‘ಕೀಲಿ ಇನನೂ ಸರಿಯಾಗಿಲಲ. ತಮ್ಮ ಬರುತತಾನೆ.’

ಕಣ್ಣುಜ್ಜಿಕೊಂಡೆ. ಭಾವನನ್ನು ಕರೆದೆ. ಪೆನ್‌ಡ್ರೈವ್ ಸಿಕ್ಕಿಸಿ ನಕಲನ್ನು ಪಕ್ಕದಲ್ಲೇ ತೆರೆದೆ. ನಕಲಿನಲ್ಲಿ ‘ತಮಮ’. ಲ್ಯಾಪ್‌ಟಾಪಿನಲ್ಲಿ ‘ತಮ್ಮ’. ಮಿಕ್ಕ ನಲವತ್ತು ಪುಟದಲ್ಲಿ ಎಲ್ಲೂ ಏನೂ ಬದಲಾಗಿರಲಿಲ್ಲ. ಕಡತ ಕೊನೆಯ ಸಲ ಉಳಿಸಿದ ದಿನಾಂಕ ಎರಡರಲ್ಲೂ ಒಂದೇ, ಅವಳು ಹೋಗುವ ಹಿಂದಿನ ದಿನ.

ಎಲ್ಲೋ ವಿದ್ಯುತ್ತು ಹರಿದು ಕೀಲಿ ತಾನಾಗಿ ಒತ್ತಿಕೊಂಡಿರಬಹುದು ಎಂದು ನೀವು ಹೇಳಬಹುದು. ನಾನೂ ಅದನ್ನೇ ಯೋಚಿಸಿದೆ. ಆದರೆ ಆ ತಂತ್ರಾಂಶದಲ್ಲಿ, ಆಗಲೇ ಮೂಡಿದ ಎರಡು ಅಕ್ಷರಗಳ ನಡುವೆ ಎಫ್ ಒತ್ತಿದರೆ ಒತ್ತು ಬೀಳುವುದಿಲ್ಲ. ಎಫ್ ಒತ್ತಿ, ಹೊಸದಾಗಿ ‘ಮ’ ಒತ್ತಿ, ಹಳೆಯ ‘ಮ’ ಅಳಿಸಬೇಕು. ತಿದ್ದಬೇಕೆಂದು ಕೂತವರು ಮಾತ್ರ ಮಾಡುವ ಕೆಲಸ ಅದು.

ಭಾವ ಎರಡನ್ನೂ ನೋಡಿದರು. “ನೀನೇ ತಿದ್ದಿರ್ತೀಯ ಕಣಯ್ಯ. ಗ್ಯಾನ ಇಲ್ಲ ಅಷ್ಟೇ,” ಎಂದರು. ಆಮೇಲೆ ಅಡಿಗೆಮನೆಗೆ ಹೋದರು. ಅಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನಾನು ಪೇಪರಿನ ಮೇಲಿದ್ದ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಹದಿಮೂರು ದಿನ ಬಾರದ ಅಳು ಆಗ ಬಂತು.

ಹೊಸ ಕೀಬೋರ್ಡ್ ಹಾಕಿದೆ. ಮುಂದಿನ ಭಾನುವಾರಗಳಲ್ಲೆಲ್ಲ ಶಂಕರಪುರಕ್ಕೆ ಹೋಗಿ, ಅವಳ ಮಂಚದ ಮೇಲೆಯೇ ಕೂತು, ಅಮ್ಮನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮಿಕ್ಕಿದ್ದನ್ನು ತಿದ್ದಿದೆ. ವರ್ಷಾಬ್ದಿಕಕ್ಕೆ ಅಚ್ಚು ಹಾಕಿಸಿ ಹಂಚಿದೆವು. ಒಂದೂ ಒತ್ತು ತಪ್ಪಿಲ್ಲ ಎಂದು ಅವಳ ಜೊತೆ ಕೆಲಸ ಮಾಡಿದ ಟೀಚರುಗಳು ಹೇಳಿದರು.

ಅಚ್ಚಿಗೆ ಕೊಡದ ಆ ಕೊನೆಯ ಸಾಲು ಮಾತ್ರ ಲ್ಯಾಪ್‌ಟಾಪಿನಲ್ಲಿ ಇಂದಿಗೂ ಇದೆ. ಅದರಲ್ಲಿ ‘ಇನ್ನೂ’ ತಿದ್ದಿದೆ, ‘ಸರಿಯಾಗಿಲ್ಲ’ ಎಂಬುದನ್ನೂ ತಿದ್ದಿದೆ. ‘ತಮ್ಮ’ ಯಾರು ತಿದ್ದಿದರೋ ನನಗೆ ಗೊತ್ತಿಲ್ಲ. ಇನ್ನು ಉಳಿದಿರುವುದು ‘ಬರುತತಾನೆ’ ಒಂದೇ. ಅದಕ್ಕೆ ಒತ್ತು ಹಾಕಲು ಎಷ್ಟೋ ಸಲ ಕೂತಿದ್ದೇನೆ, ಕೈ ಬಂದಿಲ್ಲ.