ಫ್ರೌ ಓನ್ಕೆನ್ ಬಿಚ್ಚಿದ ಕಟ್ಟು

ಉತ್ತರ ಜರ್ಮನಿಯ ನಮ್ಮೂರ ಪತ್ರಾಗಾರದಲ್ಲಿ ಕೆಲಸಕ್ಕೆ ಸೇರಿದ ಮೊದಲ ಮಂಗಳವಾರವೇ ಯೆಲ್ಟೊ, ಮದುವೆಯೇ ಆಗದ ಹೆಂಗಸಿಗೆ ಗಂಡ ಸತ್ತದ್ದಕ್ಕೆ ಸಂತಾಪ ಹೇಳಿಬಿಟ್ಟ. ಅವನದು ಒಂದು ವರ್ಷದ ಕರಾರಿನ ಗುಮಾಸ್ತಿಕೆ. ಮೈತುಂಬ ಉತ್ಸಾಹವಿತ್ತು, ತಲೆಯಲ್ಲಿ ಅದರ ಕಾಲುಭಾಗದಷ್ಟೂ ಸರಕಿರಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು, ಯುದ್ಧವಿಮಾನಕ್ಕೆ ಒರಗಿ ನಿಂತ ತರುಣನ ಫೋಟೋವನ್ನು ಭೂತಗನ್ನಡಿ ಹಿಡಿದು ಬೆಳಗಿನಿಂದ ನೋಡುತ್ತಿದ್ದರು. ಯೆಲ್ಟೊ ಅವರ ಮೇಜಿನ ಹತ್ತಿರ ಹೋದ.

"ನಿಮ್ಮ ಯಜಮಾನರು ಬಹಳ ಲಕ್ಷಣವಾಗಿದ್ರು. ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ."

"ನಂಗಂತೂ ಆಗ್ಲಿಲ್ಲ," ಎಂದರು ಅವರು, ಕನ್ನಡಿ ಇಳಿಸದೆ. "ವಿಮಾನದ ಬಾಲದ ಮೇಲಿನ ಗೆರೆ ಎಣಿಸ್ತಿದ್ದೆ. ಒಂದು ಗೆರೆ ಅಂದ್ರೆ ಹೊಡೆದುರುಳಿಸಿದ ಒಂದು ವಿಮಾನ. ಹತ್ತೊಂಬತ್ತಕ್ಕೆ ಬಂದಿದ್ದೆ, ನೀನು ಬಂದು ಕೆಡಿಸಿದೆ. ಮದುವೆ ಅನ್ನೋದು ನಂಗೆ ಆಗೇ ಇಲ್ಲ. ಹೋಗು, ಕಾಗದದ ಕಟ್ಟು ನಂಬರ್ ಹನ್ನೆರಡು ತಗೊಂಡು ಬಾ."

ಹೀಗೆ ಅವನಿಗೆ ಫ್ರೌ ತಾಲ್ಕೆ ಓನ್ಕೆನ್ ಅವರ ಪರಿಚಯವಾಯಿತು. ನಮ್ಮಲ್ಲಿ ಮದುವೆಯಾಗಿರಲಿ ಬಿಡಲಿ, ದೊಡ್ಡ ಹೆಂಗಸರಿಗೆಲ್ಲ 'ಫ್ರೌ' ಎನ್ನುವುದು, ಗಂಡಸರಿಗೆ 'ಹೆರ್'.

ಅವರು ಮೂವತ್ತೊಂದು ವರ್ಷ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಯಾವ ವ್ಯಾಗನ್ ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಿತು, ನಡುವೆ ಏನು ಕಳೆಯಿತು ಎಂದು ನೋಡುವುದೇ ಅವರ ಕೆಲಸವಾಗಿತ್ತು. ಫೋಟೋದಲ್ಲಿದ್ದವನು ಎಟ್ಸಾರ್ಡ್ ಹಾರ್ಬರ್ಸ್, ಅವರದೇ ಊರಿನವನು, ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಚಾಲಕ. ಯುದ್ಧದ ನಂತರ ಹಾಲಿನ ಲಾರಿ ಓಡಿಸಿದ. ಆಮೇಲೆ ಎಂಜಿನ್ನಿಲ್ಲದೆ ತೇಲುವ ಗ್ಲೈಡರ್ ವಿಮಾನಗಳ ಊರಿನ ಕ್ಲಬ್ಬಿನಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಹಾರುವುದನ್ನು ಕಲಿಸಿ ತೀರಿಕೊಂಡ. ಕ್ಲಬ್ಬಿನ ಹೊಸ ವಿಮಾನ ಕೊಟ್ಟಿಗೆಗೆ ಅವನ ಹೆಸರಿಡುವುದೆಂದು ತೀರ್ಮಾನವಾಗಿತ್ತು. ಹೆಸರಿಡುವ ದಿನ ಹಂಚಲು ಅವನ ಬದುಕಿನ ಪುಸ್ತಕ ಬೇಕಿತ್ತು. ಅದನ್ನು ಫ್ರೌ ಓನ್ಕೆನ್ ಒಂಬತ್ತು ವರ್ಷದಿಂದ ಬರೆಯುತ್ತಿದ್ದರು.

"ಅಷ್ಟು ವರ್ಷ ಯಾಕೆ ಹಿಡೀತು?" ಎಂದು ಯೆಲ್ಟೊ ಒಮ್ಮೆ ಕೇಳಿದ. ಆರು ತಿಂಗಳಲ್ಲಿ ಮುಗಿಸಬೇಕಾದ ಪದವಿ ಪ್ರಬಂಧವನ್ನು ಮೂರು ವರ್ಷ ಎಳೆದವನು ಕೇಳುವ ಪ್ರಶ್ನೆಯಾಗಿರಲಿಲ್ಲ ಅದು.

ಅವರು ಉತ್ತರದ ಬದಲು ಹಾಳೆಗಳನ್ನು ತೋರಿಸಿದರು. ಹಾರ್ಬರ್ಸ್‌ನ ಹಾರಾಟದ ದಿನಚರಿಯ ಪ್ರತಿಯೊಂದು ಸಾಲನ್ನೂ ಅವರು ಗೂಡ್ಸ್ ರಶೀದಿಯಂತೆ ಪರೀಕ್ಷಿಸಿದ್ದರು: ಏರಿದ್ದು ಎಲ್ಲಿ, ಇಳಿದದ್ದು ಎಲ್ಲಿ, ಆ ದಿನ ಮೋಡವಿತ್ತೇ, ಎದುರಾಳಿ ಕಡೆಯ ಯಾವ ವಿಮಾನ ಮನೆಗೆ ಮರಳಲಿಲ್ಲ. ಬಾಲದ ಮೇಲೆ ಮೂವತ್ತೊಂದು ಗೆರೆ. ಅವರಿಗೆ ಖಾತ್ರಿಯಾದದ್ದು ಇಪ್ಪತ್ತೆರಡು. ಆ ಇಪ್ಪತ್ತೆರಡರಲ್ಲಿ ಸತ್ತವರ ಹೆಸರುಗಳನ್ನೂ ಒಂದೊಂದಾಗಿ ಹುಡುಕಿ ಬರೆದಿದ್ದರು. ಯೆಲ್ಟೊ ಎರಡು ಪುಟ ಓದಿದ. ಹತ್ತೊಂಬತ್ತು ವರ್ಷದ ಹುಡುಗರೇ ಹೆಚ್ಚು. ಆಮೇಲೆ ಅವನು 'ಅಷ್ಟು ವರ್ಷ ಯಾಕೆ' ಎಂದು ಕೇಳಲಿಲ್ಲ.

ಅವರದೊಂದು ಪದ್ಧತಿಯಿತ್ತು. ಹೊಸ ಕಟ್ಟು ಬಂದರೆ ಒಬ್ಬರೇ ಬಿಚ್ಚುತ್ತಿರಲಿಲ್ಲ.

"ಯೆಲ್ಟೊ, ಬಾ, ಕೂತ್ಕೊ."

"ಯಾಕೆ ಫ್ರೌ ಓನ್ಕೆನ್?"

"ಮುದ್ರೆ ಹಾಕಿದ ವ್ಯಾಗನ್ ಒಬ್ರೇ ಒಡೀಬಾರ್ದು. ಇಬ್ರು ಬೇಕು. ನಮ್ಮ ಆಫೀಸಿನ ರೂಲು."

ಹಳೆಯ ಕೈಬರಹವನ್ನು ಅವರು ಓದುತ್ತಿದ್ದರು, ಟೈಪು ಮಾಡಿದ್ದನ್ನು ಅವನು. ತನ್ನ ಪಾಂಡಿತ್ಯ ಕಂಡೇ ಕರೆಯುತ್ತಾರೆಂದು ಯೆಲ್ಟೊ ಬಹಳ ದಿನ ನಂಬಿದ್ದ. ಮನೆಯಲ್ಲಿ ಅಮ್ಮನಿಗೂ ಹಾಗೆಯೇ ಹೇಳಿದ್ದ.

ಜೂನ್ ತಿಂಗಳಲ್ಲಿ ಕೊನೆಯ ಕಟ್ಟು ಬಂತು. ಯುದ್ಧ ಮುಗಿದ ಮೇಲೆ ಲಾರಿಯ ಪರವಾನಗಿ ಬೇಕಾದವನೂ, 'ಹಿಟ್ಲರನ ನಾಜಿ ಪಕ್ಷದಲ್ಲಿದ್ದಿರಾ' ಎಂದು ಗೆದ್ದ ದೇಶದವರು ಕೇಳುವ ಉದ್ದದ ಪ್ರಶ್ನಾವಳಿ ತುಂಬಬೇಕಿತ್ತು; ಅಂಥದೊಂದು ಅದರಲ್ಲಿತ್ತು. ಹಾರ್ಬರ್ಸ್ 'ಇಲ್ಲ' ಎಂದು ಬರೆದಿದ್ದ. ಬದುಕಿಡೀ ಊರಿಗೆ ಹೇಳಿದ್ದೂ ಅದನ್ನೇ. ಕ್ಲಬ್ಬಿನವರು ಅವನನ್ನು ಹೊಗಳುತ್ತಿದ್ದದ್ದೂ ಅದಕ್ಕೇ. ಆದರೆ ಬರ್ಲಿನ್ನಿನಿಂದ ಫ್ರೌ ಓನ್ಕೆನ್ ತರಿಸಿದ್ದ ಸದಸ್ಯತ್ವದ ಕಾರ್ಡಿನಲ್ಲಿ ಅವನ ಹೆಸರಿತ್ತು, 1937ರ ತಾರೀಖೂ ಇತ್ತು.

ಪ್ರಶ್ನಾವಳಿಯ ಹಿಂದೆ ಒಂದು ಟೈಪು ಮಾಡಿದ ಕಾಗದ. 'ಈತ ಸಜ್ಜನ' ಎಂದು ನೆರೆಯವರು ಬರೆದುಕೊಡುತ್ತಿದ್ದ ಪತ್ರ. ಕೊಳೆ ತೊಳೆಯುತ್ತದೆಂದು ಊರಲ್ಲಿ ಅದಕ್ಕೆ ಸಾಬೂನು ಚೀಟಿ ಎಂದೇ ಹೆಸರು. ಯೆಲ್ಟೊ ರೇಡಿಯೋದವನಂತೆ ಓದಿದ: "ಹೆರ್ ಹಾರ್ಬರ್ಸ್ ಅವರನ್ನು ಬಾಲ್ಯದಿಂದ ಬಲ್ಲೆ. ಪಕ್ಷದೊಂದಿಗೆ ಅವರಿಗೆ ಎಂದೂ ಯಾವ ಸಂಬಂಧವೂ ಇರಲಿಲ್ಲವೆಂದು ಪ್ರಮಾಣ ಮಾಡುತ್ತೇನೆ. ಓನ್ಕೆನ್, ಸ್ಟೇಷನ್ ಮಾಸ್ಟರ್." ಓದಿ ನಕ್ಕ. "ನೋಡಿ, ನಿಮ್ಮ ಹೆಸರಿನವರೇ ಯಾರೋ ಇದ್ದಾರೆ!"

"ಇದ್ರು," ಎಂದರು ಅವರು. "ನಮ್ಮಪ್ಪ."

ಯೆಲ್ಟೊಗೆ ಕುರ್ಚಿಯ ಕೆಳಗೆ ಹೋಗಿ ಕೂರಬೇಕೆನಿಸಿತು.

"ಅವರಿಗೆ ಗೊತ್ತಿರಲಿಲ್ವೇನೋ," ಎಂದ ಮೆಲ್ಲಗೆ.

ಫ್ರೌ ಓನ್ಕೆನ್ ಕಟ್ಟಿನ ತಳದಿಂದ ಊರಿನ ಪಕ್ಷದ ಸಭೆಯ ಹಾಜರಿಪಟ್ಟಿ ತೆಗೆದರು. ಹಾರ್ಬರ್ಸ್, ಓನ್ಕೆನ್. ಅಕ್ಕಪಕ್ಕದ ಸಾಲು. "ಪಕ್ಕದ ಕುರ್ಚೀಲಿ ಕೂತಿದ್ದವನು ಯಾರಂತ ಅಪ್ಪನಿಗೆ ಗೊತ್ತಿರಲ್ವಾ? ಬರ್ಕೊ. ಕಟ್ಟು ನಂಬರು, ಹಾಳೆ ನಂಬರು." ಅವನು ಬರೆದುಕೊಂಡ. ಅವರ ಭೂತಗನ್ನಡಿ ಮಾತ್ರ ಆ ದಿನ ಮತ್ತೆ ಮೇಲೇಳಲಿಲ್ಲ.

ಆಗಸ್ಟ್‌ನಲ್ಲಿ ಕ್ಲಬ್ಬಿನ ಅಧ್ಯಕ್ಷ ಹೆರ್ ಬೋಲೆನ್, ಫ್ರೌ ಓನ್ಕೆನ್ ಅವರ ಮನೆಗೆ ಬಂದರು. ಕಾಗದದ ಪೆಟ್ಟಿಗೆ ಹೊತ್ತು ತಂದಿದ್ದ ಯೆಲ್ಟೊನೂ ಅಲ್ಲಿದ್ದ. ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಚಟಚಟ ಎಂದಿತು, ಮೇಲೆ ಕೆನೆ ಬಿತ್ತು.

"ಅರವತ್ತೊಂದರಿಂದ ಅರವತ್ಮೂರು, ಪಕ್ಷದ ವಿಷಯ ಇರೋ ಮೂರೇ ಮೂರು ಪುಟ ತೆಗೀರಿ ತಾಲ್ಕೆ," ಎಂದರು ಬೋಲೆನ್. "ನಾಳೆನೇ ಅಚ್ಚಿಗೆ ಕೊಡ್ತೀನಿ, ಗಟ್ಟಿ ರಟ್ಟು, ಬಣ್ಣದ ಚಿತ್ರ. ನಿಮಗೆ ಹಾರೋದು ಕಲಿಸಿದವನಲ್ವಾ ಅವನು?"

"ಕಲಿಸಿದ. ಅವನಷ್ಟು ಚೆನ್ನಾಗಿ ನಂಗೆ ಯಾರೂ ಏನೂ ಕಲಿಸ್ಲಿಲ್ಲ. ಅದು ಎಪ್ಪತ್ತನೇ ಪುಟದಲ್ಲಿದೆ."

"ನಿಮ್ಮಪ್ಪನ ಮರ್ಯಾದೆನೂ ಉಳಿಯುತ್ತೆ."

"ಇನ್ನೊಂದು ಕಪ್ಪು?"

ನಮ್ಮ ಕಡೆ ಮೂರು ಕಪ್ಪು ಕುಡಿಯದೆ ಏಳುವಂತಿಲ್ಲ. ಸಾಕೆನ್ನಬೇಕಾದರೆ ಚಮಚವನ್ನು ಕಪ್ಪಿನೊಳಗೆ ಇಡಬೇಕು. ಬೋಲೆನ್ ಮೊದಲ ಕಪ್ಪಿಗೇ ಚಮಚ ಇಟ್ಟರು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಫ್ರೌ ಓನ್ಕೆನ್ ಆ ಕಪ್ಪನ್ನು ಬಹಳ ಹೊತ್ತು ತೊಳೆದರು.

ಕೊಟ್ಟಿಗೆಗೆ ಹಾರ್ಬರ್ಸ್‌ನ ಹೆಸರು ಬಿತ್ತು. ಪುಸ್ತಕವನ್ನು ಕ್ಲಬ್ಬು ಅಚ್ಚು ಹಾಕಲಿಲ್ಲ. ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ನೂರು ಪ್ರತಿಯಾಯಿತು, ಬಣ್ಣದ ಚಿತ್ರವಿಲ್ಲ, ರಟ್ಟು ಇಲ್ಲ. ಒಂದು ಶನಿವಾರ ಯೆಲ್ಟೊ, ಫ್ರೌ ಓನ್ಕೆನ್ ಇಬ್ಬರೂ ಅವರ ಅಡುಗೆಮನೆ ಮೇಜಿನ ಮೇಲೆ ಹಾಳೆ ಜೋಡಿಸಿ ಪಿನ್ನು ಹೊಡೆಯುತ್ತಿದ್ದರು. ಯೆಲ್ಟೊ ಎರಡು ಬಾರಿ ಬೆರಳಿಗೇ ಹೊಡೆದುಕೊಂಡಿದ್ದ. ಪುಟ ಅರವತ್ತೆರಡು ಕೈಗೆ ಬಂತು. ಸ್ಟೇಷನ್ ಮಾಸ್ಟರರ ಹೆಸರು, ಕೆಳಗೆ ಅಡಿಟಿಪ್ಪಣಿ: 'ಲೇಖಕಿಯ ತಂದೆ.'

ಅವನಿಗೆ ಜೂನ್‌ನಿಂದ ಕೊರೆಯುತ್ತಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಫ್ರೌ ಓನ್ಕೆನ್, ತಪ್ಪು ತಿಳೀಬೇಡಿ. ಅವತ್ತು ನಾನು ಪಕ್ಕದಲ್ಲಿ ಇಲ್ದೇ ಇದ್ದಿದ್ರೆ, ಆ ಕಾಗದಾನ ಕಟ್ಟಿನೊಳಗೆ ವಾಪಸ್ ಇಟ್ಟುಬಿಡ್ತಿದ್ರಾ?"

ಅವರು ಹಾಳೆಯ ಅಂಚನ್ನು ಮೇಜಿಗೆ ತಟ್ಟಿ ಸರಿಮಾಡಿದರು.

"ಇಟ್ಟುಬಿಡ್ತಿದ್ದೆ. ಅದಕ್ಕೇ ನಿನ್ನ ಕೂರಿಸ್ಕೊಂಡಿದ್ದು."