ಅವಳ ಬಟ್ಟಲಿಗೆ ನಾನು ಕೈ ಹಾಕಿದ್ದು

ರವಿಕೆಯ ಕೊಂಡಿ ಹಾಕುವುದನ್ನು ನಾನು ಕಲಿತದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ನಗಬೇಡಿ, ಅದು ತೋರುವಷ್ಟು ಸುಲಭದ ಕೆಲಸವಲ್ಲ. ಕೊಂಡಿ ಸಣ್ಣದು, ಅದು ಸೇರಬೇಕಾದ ದಾರದ ಕುಣಿಕೆ ಇನ್ನೂ ಸಣ್ಣದು, ನನ್ನ ಕನ್ನಡಕ ಹಳೆಯದು, ಜೊತೆಗೆ ನನ್ನ ಹೆಂಡತಿ ಗಿರಿಜಾಳ ಮೈ ಒಂದು ಕ್ಷಣವೂ ಸುಮ್ಮನೆ ನಿಲ್ಲುವುದಿಲ್ಲ. ಎರಡು ವರ್ಷಗಳ ಹಿಂದೆ ಅವಳ ಬಲಗೈಯಲ್ಲಿ ಶುರುವಾದ ನಡುಕಕ್ಕೆ ವೈದ್ಯರು ಪಾರ್ಕಿನ್ಸನ್ ಎಂದು ಹೆಸರಿಟ್ಟರು. ಹೆಸರು ಸಿಕ್ಕ ಮೇಲೆ ನಡುಕ ಎಡಗೈಗೂ ಬಂತು. ಅಂದಿನಿಂದ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಕೊಂಡಿ ಹಾಕುವುದು, ತಲೆ ಬಾಚುವುದು, ಅನ್ನ ಕಲಸಿಕೊಡುವುದು, ಮಾತ್ರೆಗಳ ಹೊತ್ತು ನೆನಪಿಡುವುದು ಎಲ್ಲವೂ ನನ್ನ ಪಾಲಿಗೆ ಬಂದವು. ಪ್ರೀತಿಯಿಂದಲೇ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ದಣಿವು ಪ್ರೀತಿಯ ಅಪ್ಪಣೆ ಕೇಳಿ ಬರುವುದಿಲ್ಲ. ಅದು ಮೊದಲು ಮಂಡಿಗೆ ಬರುತ್ತದೆ, ಆಮೇಲೆ ದನಿಗೆ, ಕೊನೆಗೆ ಪಕ್ಕದ ಮನೆಯವರು "ಆರಾಮಾ ಸಾರ್?" ಎಂದಾಗ ನಾವು ಬೀರುವ ನಗೆಗೂ ಬರುತ್ತದೆ.

ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಹುಡುಗಿ ಒಂದು ದಿನ ಅಂದಳು: "ಏನಾರ ನಾದಿಸ್ರಿ ಸಾರ್. ಹಿಟ್ಟಾದ್ರೂ ಸೈ, ಮಣ್ಣಾದ್ರೂ ಸೈ." ಹಿಟ್ಟಿಗೆ ಗಿರಿಜಾ ಒಪ್ಪಲಿಲ್ಲ. ಮೂವತ್ತು ವರ್ಷ ಜೋಳದ ರೊಟ್ಟಿಯನ್ನು ಚಂದ್ರನಂತೆ ತಟ್ಟಿದವಳು ಈಗ ಬರಿದೇ ಹಿಟ್ಟು ಹಿಸುಕುತ್ತ ಕೂರುವುದೆಂದರೆ ಅವಳಿಗೆ ಅವಮಾನ. ಮಣ್ಣಿಗೆ ಒಪ್ಪಿದಳು. ಅದನ್ನು ಹಿಂದೆಂದೂ ಚೆನ್ನಾಗಿ ಮಾಡಿದವಳಲ್ಲವಲ್ಲ, ಹಾಗಾಗಿ ಈಗ ಕೆಟ್ಟದಾಗಿ ಮಾಡಿದರೂ ದುಃಖವಿಲ್ಲ.

ಹೀಗೆ ನಾವು ಭಾನುವಾರದ ಮಧ್ಯಾಹ್ನಗಳಲ್ಲಿ ಹರಿಹರದ ಬಸ್ಸು ಹತ್ತಲು ಶುರುಮಾಡಿದೆವು. ಅಲ್ಲಿ ಕುಂಬಾರರ ಹಾಲಮ್ಮ ಇದ್ದಳು. ಎಪ್ಪತ್ತು ದಾಟಿದ, ಮಣ್ಣಿನ ಬಣ್ಣಕ್ಕೇ ತಿರುಗಿದ ಪಾದಗಳ ಹೆಂಗಸು. "ಮಡಿಕೆ ಮಾಡೋ ತಿರುಗಣಿ ನಮ್ಮ ಯಜಮಾನ್ರದಿತ್ತು, ಅವರ ಸಂಗಡಾನೇ ಹೋತು. ನಂದೇನಿದ್ರೂ ಕೈಯಾಗಿನ ಕೆಲಸ. ಒಲೆ, ಮುಚ್ಚಳ, ಬಟ್ಲು. ಬರ್ರಿ, ಕೂಡ್ರಿ," ಎಂದು ನಮ್ಮಿಬ್ಬರ ಮುಂದೆಯೂ ಒಂದೊಂದು ಮುದ್ದೆ ಮಣ್ಣು ಇಟ್ಟಳು. ಗಿರಿಜಾಳ ಜೊತೆಗೆ ಬಂದವನು ನಾನು, ವಿದ್ಯಾರ್ಥಿ ನಾನಲ್ಲ ಎಂದು ಹೇಳಲು ಹಾಲಮ್ಮ ಅವಕಾಶವನ್ನೇ ಕೊಡಲಿಲ್ಲ.

ಮುದ್ದೆಯ ನಡುವೆ ಹೆಬ್ಬೆರಳು ಊರಿ, ತಿರುಗಿಸುತ್ತ, ಒತ್ತುತ್ತ, ಗೋಡೆ ಎಬ್ಬಿಸುವುದು ಮೊದಲ ಪಾಠ. ನನ್ನದು ಒಂದು ಕಡೆ ಕಾಗದದಂತೆ ತೆಳ್ಳಗಾಗಿ ಇನ್ನೊಂದು ಕಡೆ ಇಟ್ಟಿಗೆಯಂತೆ ದಪ್ಪಗಾಯಿತು. ಗಿರಿಜಾಳ ಬೆರಳುಗಳು ಮಣ್ಣಿನಲ್ಲಿಯೂ ನಡುಗಿದವು. ಆದರೆ ಅದು ಗಾಳಿಯಲ್ಲಿ ನಡುಗಿದಂತಲ್ಲ. ಮಣ್ಣು ಪ್ರತಿ ನಡುಕವನ್ನೂ ಒಂದೊಂದು ಸಣ್ಣ ಗುಳಿಯಾಗಿ ತೆಗೆದುಕೊಂಡಿತು. ಸಂಜೆಯ ಹೊತ್ತಿಗೆ ಮೈತುಂಬ ಗುಳಿಗಳಿದ್ದ, ಅಂಚು ಅಲೆಯಲೆಯಾಗಿದ್ದ ಒಂದು ಬಟ್ಟಲು ಅವಳ ಮುಂದಿತ್ತು. ಎಷ್ಟೋ ತಿಂಗಳ ಮೇಲೆ ಅವಳು ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಬಸ್ಸಿನಲ್ಲಿ ಕುಳಿತಳು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕಿದವನು ನಾನು. ಸೊಟ್ಟಗಿರುವುದು ಕಂಡರೆ ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಗುತ್ತದೆ. ಅದರ ಮರುವಾರ ನಾವು ಹೋದಾಗ ಬಟ್ಟಲುಗಳು ನೆರಳಿನಲ್ಲಿ ಅರೆಬರೆ ಒಣಗಿದ್ದವು. ಗಿರಿಜಾಳನ್ನು ಹಾಲಮ್ಮ ಕೈ ತೊಳೆಸಲು ಹಿತ್ತಲಿಗೆ ಕರೆದೊಯ್ದ ಐದು ನಿಮಿಷದಲ್ಲಿ ನಾನು ಒದ್ದೆ ಬಟ್ಟೆ ತೆಗೆದುಕೊಂಡು ಅವಳ ಬಟ್ಟಲಿನ ಗುಳಿಗಳನ್ನೆಲ್ಲ ಒರೆಸಿಬಿಟ್ಟೆ. ಅಂಚನ್ನೂ ಒತ್ತಿ ಸರಿ ಮಾಡಿದೆ. ಚೆಂದ ಕಾಣಲಿ, ಅವಳಿಗೆ ಸಂತೋಷವಾಗಲಿ ಎಂದೇ ಮಾಡಿದ್ದು. ಅವಳು ಬಂದಳು, ಬಟ್ಟಲು ನೋಡಿದಳು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆ ವಾರವಿಡೀ ಮಾತು ಕಡಿಮೆಯಾಯಿತು. ಕಾಯಿಲೆ ದನಿಯನ್ನು ಕುಗ್ಗಿಸುತ್ತದೆ ಎಂದು ವೈದ್ಯರು ಹೇಳಿದ್ದರಲ್ಲ, ಅದೇ ಇರಬೇಕು ಎಂದುಕೊಂಡೆ.

ಮುಂದಿನ ಭಾನುವಾರ ಹಾಲಮ್ಮ ಆವಿಗೆಯಿಂದ ಸುಟ್ಟ ಪಾತ್ರೆಗಳನ್ನು ತೆಗೆದು ಸಾಲಾಗಿ ಇಟ್ಟಿದ್ದಳು. ಎರಡೂ ಕಡೆ ಬೇರೆಬೇರೆ ದಪ್ಪವಿದ್ದ ನನ್ನ ಅವಲಕ್ಷಣದ ಬಟ್ಟಲು ಅದೃಷ್ಟಕ್ಕೆ ಗಟ್ಟಿಯಾಗಿ ಬಂದಿತ್ತು. ಗಿರಿಜಾಳದ್ದು ಅಂಚಿನಿಂದ ಬುಡದವರೆಗೆ ಸೀಳಿತ್ತು.

"ಇದು ಹಿಂಗ ಸೀಳೋದಲ್ಲ," ಹಾಲಮ್ಮ ಚೂರನ್ನು ತಿರುಗಿಸಿ ನೋಡಿದಳು. "ಆರಿದ ಮೇಲೆ ಯಾರೋ ನೀರು ಹಚ್ಚಿ ತಿಕ್ಕ್ಯಾರೆ. ಯಾಕ ತಿಕ್ಕಿದ್ರಿ ಅಕ್ಕಾರೆ?"

"ಅವಳಲ್ಲ, ನಾನು," ಎಂದೆ.

"ನನಗೆ ಅವತ್ತೇ ಗೊತ್ತಾಗಿತ್ರಿ," ಎಂದಳು ಗಿರಿಜಾ.

"ಮತ್ತೆ ಯಾಕೆ ಹೇಳಲಿಲ್ಲ?"

"ಎಷ್ಟು ಅಂತ ಹೇಳ್ಲಿ? ಕೊಂಡಿ ಹಾಕ್ತೀರಿ, ಅನ್ನ ಕಲಸ್ತೀರಿ, ನಾನು ಅರ್ಧ ಮಾತಾಡಿದ್ರೆ ಉಳಿದರ್ಧ ನೀವೇ ಆಡ್ತೀರಿ. ಬ್ಯಾಡ ಅನ್ನಂಗಿಲ್ಲ, ನನ್ನ ಕೈಲಿ ಆಗಲ್ಲ. ಇದೊಂದು ನಾನು ಮಾಡಿದ್ದಿತ್ತು."

ಕಾಯಿಲೆಗೆ ಬಿಗಿದ ಅವಳ ಮುಖದ ಸ್ನಾಯುಗಳು ಈಗ ಅಳುವನ್ನಾಗಲಿ ಕೋಪವನ್ನಾಗಲಿ ತೋರಿಸಲಾರವು. ಮಾತು ಮಾತ್ರ ನೇರವಾಗಿ ಬಂದು ತಾಕಿತು. ನಾನು ಕ್ಷಮಿಸು ಎನ್ನಬೇಕಿತ್ತು. ಬದಲಿಗೆ, ಎರಡು ವರ್ಷ ಬಾಯಿಯೊಳಗೇ ಇಟ್ಟುಕೊಂಡಿದ್ದ ಮಾತು ಹೊರಬಂತು: "ನನಗೂ ಸಾಕಾಗೈತೆ ಗಿರಿಜಾ."

ಹೇಳಿದ ಮೇಲೆ ಹೆದರಿಕೆಯಾಯಿತು. ಅಂಥ ಮಾತನ್ನು ಕಾಯಿಲೆಯವರ ಮುಂದೆ ಆಡಬಾರದೆಂದು ನೀವೂ ನಂಬಿರಬಹುದು, ನಾನೂ ನಂಬಿದ್ದೆ. ಆದರೆ ಅವಳು, "ಅದನ್ನ ಈಗಾರ ಹೇಳಿದ್ರಲ್ಲ," ಎಂದಳು. ಆಮೇಲೆ ಹಾಲಮ್ಮನ ಕಡೆ ತಿರುಗಿ ಇನ್ನೊಂದು ಮುದ್ದೆ ಮಣ್ಣು ಕೇಳಿದಳು.

"ಮೇಷ್ಟ್ರಂಗೆ ಮುಂದೆ ನಿಂದ್ರಬ್ಯಾಡ್ರಿ ಸಾರ್, ಅಲ್ಲಿ ಹೋಗಿ ಗೋಡೆಗೆ ಒರಗ್ರಿ," ಎಂದು ಹಾಲಮ್ಮ ನನ್ನನ್ನು ದೂರ ಕೂರಿಸಿದಳು.

ಒರಗಿದೆ. ಬಿಸಿಲಿಗೆ ಕಾದ ಗೋಡೆ ಬೆನ್ನಿಗೆ ಹಿತವಾಗಿತ್ತು. ಗಿರಿಜಾಳ ಬೆರಳು ಜಾರಿದಾಗಲೆಲ್ಲ ನನ್ನ ಕೈ ತೊಡೆಯ ಮೇಲೆ ಮಿಡುಕುತ್ತಿತ್ತು. ಒಮ್ಮೆ ಮಣ್ಣು ಕೈತಪ್ಪಿ ಉರುಳಿತು. ಅವಳು ಬಾಗಿ, ತಡಕಿ, ತಾನೇ ಎತ್ತಿಕೊಂಡಳು. ಅದನ್ನು ನೋಡುತ್ತಿದ್ದ ಹಾಗೆಯೇ ನನಗೆ ನಿದ್ದೆ ಬಂದಿತ್ತು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ, ಮಾತ್ರೆಯ ಹೊತ್ತಾಯಿತೇನೋ ಎಂಬ ಗಾಬರಿಯಿಲ್ಲದೆ, ಯಾರದೋ ಮನೆಯ ಅಂಗಳದಲ್ಲಿ ಬಾಯಿ ತೆರೆದುಕೊಂಡು ಮಲಗಿಬಿಟ್ಟಿದ್ದೆ.

"ಏಳ್ರಿ, ಬಸ್ಸಿನ ಹೊತ್ತಾತು."

ಕಣ್ಣುಬಿಟ್ಟಾಗ ಗಿರಿಜಾ ಎದುರಿಗೆ ನಿಂತಿದ್ದಳು, ಮೊಣಕೈವರೆಗೆ ಮಣ್ಣು. ಮಾತ್ರೆಯ ಡಬ್ಬಿಯಲ್ಲಿ ಸಂಜೆಯ ಖಾನೆ ಖಾಲಿಯಿತ್ತು; ಹಾಲಮ್ಮನಿಂದ ನೀರು ಇಸಿದುಕೊಂಡು ಅವಳೇ ನುಂಗಿದ್ದಳು. ಹಲಗೆಯ ಮೇಲೆ ಹೊಸ ಬಟ್ಟಲು ಕೂತಿತ್ತು, ಮೊದಲಿನದಕ್ಕಿಂತ ಸೊಟ್ಟ, ಮೊದಲಿನದಕ್ಕಿಂತ ಹೆಚ್ಚು ಗುಳಿ. ನಾನು ಹತ್ತಿರ ಹೋಗಿ ಕೇಳಿದೆ:

"ಮುಟ್ಲಾ?"

"ಬ್ಯಾಡ್ರಿ, ಇನ್ನೂ ಹಸಿ ಐತೆ. ಚಪ್ಪಲಿ ಹಾಕ್ಕೊಳ್ರಿ, ಹೋಗಾಣ."

ಎಂದು ಅವಳು ಗೋಡೆ ಹಿಡಿದುಕೊಂಡು, ತನ್ನ ಸಣ್ಣಸಣ್ಣ ಹೆಜ್ಜೆಗಳಲ್ಲಿ ರಸ್ತೆಯ ಕಡೆ ಹೊರಟಳು. ನಾನು ಹಿಂದೆ ನಡೆದೆ.